ವೈನ್ ದ್ರಾಕ್ಷಿ ನೆಡುವ ಮೊದಲು ನಮ್ಮ ಮಳೆಯ ಲೆಕ್ಕ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಕೃಷಿ ಪುಟದಲ್ಲಿ ಮಲೆನಾಡಿನಲ್ಲೂ ವೈನ್ ದ್ರಾಕ್ಷಿ ಬೆಳೆಯಬಹುದು ಎನ್ನುವ ಬರಹ ಬಂದಿತ್ತು. ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ ರೋಗ ಎರಡೂ ಅಂಟಿಕೊಂಡಿವೆ. ಇಟಲಿಯವರು ಬೆಟ್ಟದ ಮೇಲೆ ಕೆಂಪು ವೈನ್ ದ್ರಾಕ್ಷಿ ಬೆಳೆದು ಹಣ ಮಾಡುತ್ತಿದ್ದಾರೆ. ಶಿರಸಿಯೂ ಸಮುದ್ರಮಟ್ಟದಿಂದ 600 ಮೀಟರ್ ಹತ್ತಿರ ಇದೆ, ಮತ್ತೆ ನಾವು ಯಾಕೆ ಸುಮ್ಮನೆ ಕೂರಬೇಕು ಎನ್ನುವುದು ಅದರ ಸಾರಾಂಶ. ಈ ಬರಹವನ್ನು ನಮ್ಮೂರಿನ ಮೂರು ಜನ ನನ್ನ ಫೋನಿಗೆ ಕಳಿಸಿದರು. ನಾನು ಇಟಲಿ ನೋಡಿ ಬಂದವಳು ಎನ್ನುವ ಕಾರಣಕ್ಕೆ. ಪಕ್ಕದ ಮನೆಯವರಂತೂ ಬಂದು, "ಅತ್ತಿಗೆ, ಮೇಲಿನ ಬೇಣ ಖಾಲಿ ಇದ್ದು. ಇನ್ನೂರು ಗಿಡ ಹಾಕವು ಅಂದ್ಕಂಡಿದ್ದಿ" ಎಂದರು. ಬೇಣ ಅಂದರೆ ತೋಟದ ಮೇಲಿನ ಹುಲ್ಲಿನ ಗುಡ್ಡ. ಅವರು ಮುಂಗಡ ಕೊಡುವ ಮೊದಲು ಈ ಪತ್ರ ಅಚ್ಚಾದರೆ ಒಳ್ಳೆಯದು.

ನನಗೆ ಈಗ 63. ಎರಡು ಎಕರೆ ಹತ್ತು ಗುಂಟೆ ಅಡಿಕೆ ತೋಟ, ಅದರೊಳಗೆ ಕಾಳುಮೆಣಸು, ಬಾಳೆ, ಸ್ವಲ್ಪ ಏಲಕ್ಕಿ. ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಮಿಲಾನ್ ನಗರಕ್ಕೆ ಹೋಗಿದ್ದೆ. ಜುಲೈ ಕೊನೆಯಲ್ಲಿ ಹೊರಟಿದ್ದು, ಕೊಳೆ ಔಷಧಿ ಹೊಡೆಸುವ ಗಡಿಬಿಡಿಯನ್ನೆಲ್ಲ ನಮ್ಮನೆಯವರ ತಲೆಗೆ ಕಟ್ಟಿ. ಅಲ್ಲಿ ಆರನೇ ಮಹಡಿಯ ಮನೆ. ನೆಲ ಕಾಣದೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ವೀಸಾದ 90 ದಿನ ಮುಗಿಯಲು ವಾರ ಇರುವಾಗ ಅಳಿಯ ಒಂದು ಉಪಾಯ ಮಾಡಿದರು. ಅವರ ಆಫೀಸಿನ ಹುಡುಗನೊಬ್ಬನ ಅಪ್ಪ ಅಮ್ಮ ವಾಲ್ತೆಲ್ಲೀನಾ ಎನ್ನುವ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಅಕ್ಟೋಬರ್ ನಡುವೆ ಅಲ್ಲಿ ಕೊಯ್ಲು. "ಅತ್ತೆ, ನಿಮಗೆ ತೋಟ ತೋರಿಸಿಕೊಂಡು ಬರೋಣ" ಎಂದರು. ಮಗಳು, ಕೂಸು, ಅಳಿಯ, ನಾನು, ಎಲ್ಲರೂ ಹೊರಟೆವು.

ಮಿಲಾನ್‌ನಿಂದ ಸೊಂಡ್ರಿಯೊ ಊರಿಗೆ ರೈಲಿನಲ್ಲಿ ಎರಡು ತಾಸು. ಬಹಳ ದೂರ ಕೋಮೋ ಸರೋವರದ ಪಕ್ಕದಲ್ಲೇ ಹೋಗುತ್ತದೆ. ಒಂದು ಸುರಂಗ, ಚೂರು ನೀರು, ಮತ್ತೊಂದು ಸುರಂಗ, ಮತ್ತೆ ಚೂರು ನೀರು. ಕಾರವಾರದ ಕಡೆ ಕೊಂಕಣ ರೈಲಿನಲ್ಲಿ ಹೋದವರಿಗೆ ಇದು ಗೊತ್ತು. ಆಮೇಲೆ ಕಣಿವೆ ಶುರು. ಅದ್ದಾ ಎನ್ನುವ ನದಿ ಪೂರ್ವದಿಂದ ಪಶ್ಚಿಮಕ್ಕೆ ಹರಿದು ಆ ಸರೋವರ ಸೇರುತ್ತದೆ. ಹಾಗಾಗಿ ನದಿಯ ಉತ್ತರದ ದಂಡೆಯ ಗುಡ್ಡ ಇಡೀ ದಿನ ದಕ್ಷಿಣಕ್ಕೆ ಮುಖ ಮಾಡಿ ಬಿಸಿಲು ಕಾಯಿಸುತ್ತದೆ. ಎದುರಿನ ಗುಡ್ಡ ನೆರಳು. ದ್ರಾಕ್ಷಿ ಬಿಸಿಲಿನ ಬದಿಯಲ್ಲಿ ಮಾತ್ರ. ನೆರಳಿನ ಬದಿಯಲ್ಲಿ ಕಾಡು. ರೈಲಿನ ಕಿಟಕಿಯಿಂದಲೇ ಇದು ಗೆರೆ ಎಳೆದ ಹಾಗೆ ಕಾಣುತ್ತದೆ.

ಅಲ್ಲಿ ಬೆಳೆಯುವ ದ್ರಾಕ್ಷಿ ಹೆಸರು ನೆಬ್ಬಿಯೋಲೋ. ಆ ಕಣಿವೆಯ ಜನ ಕ್ಯಾವೆನ್ನಾಸ್ಕಾ ಎನ್ನುತ್ತಾರೆ. ವಸಂತದಲ್ಲಿ ಎಲ್ಲ ಜಾತಿಗಿಂತ ಮೊದಲು ಚಿಗುರಿ, ಹಣ್ಣಾಗುವುದಕ್ಕೆ ಎಲ್ಲದಕ್ಕಿಂತ ಹಿಂದೆ ಬೀಳುವ ಜಾತಿ. ನಮ್ಮ ಕಡೆ ಕೆಲವರು ಊಟಕ್ಕೆ ಮೊದಲು ಬಂದು ಕೂತು ಎಲ್ಲರಿಗಿಂತ ಕೊನೆಗೆ ಏಳುತ್ತಾರಲ್ಲ, ಹಾಗೆ. ಬೇಗ ಚಿಗುರುವುದರಿಂದ ಏಪ್ರಿಲ್ ಹಿಮ ತಾಗುವ ಹೆದರಿಕೆ, ತಡವಾಗಿ ಹಣ್ಣಾಗುವುದರಿಂದ ಅಕ್ಟೋಬರ್ ಮಳೆಯ ಹೆದರಿಕೆ. ಸಿಪ್ಪೆ ತೆಳು. ಬಳ್ಳಿಯ ಬುಡದ ನಾಲ್ಕಾರು ಕಣ್ಣುಗಳಲ್ಲಿ ಸರಿಯಾಗಿ ಗೊಂಚಲು ಬರುವುದಿಲ್ಲ. ಅದಕ್ಕೇ ಚಳಿಗಾಲದಲ್ಲಿ ಸವರುವಾಗ ಒಂದು ಉದ್ದ ಕಡ್ಡಿಯನ್ನು ಬಿಟ್ಟು, ಅದನ್ನು ಬಿಲ್ಲಿನ ಹಾಗೆ ಬಾಗಿಸಿ ತಂತಿಗೆ ಕಟ್ಟುತ್ತಾರೆ. ನನಗೆ ಕೊಯ್ಯಲು ಒಂದು ಸಣ್ಣ ಕತ್ತರಿ ಕೊಟ್ಟರು. ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಮೊದಲು ಸಿಹಿ. ಆಮೇಲೆ ಸಿಪ್ಪೆ, ಬೀಜ ಜಗಿದರೆ ಹಸಿ ಅಡಿಕೆ ಕಚ್ಚಿದ ಹಾಗೆ ನಾಲಿಗೆ ಎಳೆದು ಹಿಡಿಯುವ ಒಗರು. ಅಡಿಕೆ ಬೇಯಿಸಿದ ಚೊಗರಿನಲ್ಲಿರುವ ಟ್ಯಾನಿನ್ ಅಂಶದ ಬಳಗದ್ದೇ ಅದು ಎಂದು ಅಳಿಯ ಹೇಳಿದರು. ಆ ಒಗರು ಇಳಿಯಲಿ ಎಂದು ವೈನನ್ನು ವರ್ಷಗಟ್ಟಲೆ ಇಡುತ್ತಾರೆ. ವಾಲ್ತೆಲ್ಲೀನಾ ಸುಪೀರಿಯೊರೆ ಎಂದು ಬಾಟಲಿ ಮೇಲೆ ಬರೆಯಬೇಕಾದರೆ ಕನಿಷ್ಠ 24 ತಿಂಗಳು ಇಟ್ಟಿರಬೇಕು, ಅದರಲ್ಲಿ 12 ತಿಂಗಳು ಮರದ ಪೀಪಾಯಿಯಲ್ಲಿ. ಇದು ಅಲ್ಲಿನ ಕಾನೂನು.

ಕುಡಿದ್ರಾ ಎಂದು ನೀವು ಕೇಳುವ ಮೊದಲೇ ಹೇಳುತ್ತೇನೆ. ಒಂದು ಚಮಚ ನಾಲಿಗೆಗೆ ತಾಗಿಸಿದೆ. ಊರಲ್ಲಿ ಈತನಕ ಯಾರಿಗೂ ಹೇಳಿರಲಿಲ್ಲ, ಈಗ ನಿಮ್ಮ ಪತ್ರಿಕೆಯಲ್ಲೇ ಹೇಳಿದ ಹಾಗಾಯಿತು.

ಆ ಮನೆಯ ಅಜ್ಜಿಗೆ 70 ದಾಟಿದೆ. ನಮಗಿಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಅವಳು ಅವಳ ಭಾಷೆಯಲ್ಲಿ, ನಾನು ಕನ್ನಡದಲ್ಲಿ ಇಡೀ ಬೆಳಿಗ್ಗೆ ಮಾತಾಡಿದೆವು. ತೊಂದರೆ ಏನೂ ಆಗಲಿಲ್ಲ. ಅವಳ ಗಂಡ ಔಷಧಿ ಕೋಣೆ ತೋರಿಸಿದ. ಒಳಗೆ ಹೋದರೆ ನೀಲಿ ಬಣ್ಣದ ಹರಳಿನ ಚೀಲ! ನನಗೆ ತವರಿನವರು ಸಿಕ್ಕಷ್ಟು ಖುಷಿ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. "ಸುಣ್ಣ?" ಎಂದು ಕೈಸನ್ನೆಯಲ್ಲಿ ಕೇಳಿದೆ. ಮೂಲೆಯಲ್ಲಿದ್ದ ಸುಣ್ಣದ ಚೀಲ ತೋರಿಸಿದ. ನಾನು ಕತ್ತಿ ಅದ್ದಿ ತೆಗೆದು ಅಲಗು ನೋಡುವ ಹಾಗೆ ನಟಿಸಿದೆ. ನಮ್ಮಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡುವುದು ಹಾಗೆ ತಾನೆ, ಕಬ್ಬಿಣದ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು. ಅವನು ಗಹಗಹಿಸಿ ನಕ್ಕು ತಲೆ ಆಡಿಸಿದ.

ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಗಾಗಿ ಎಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಹೆಸರಿನಲ್ಲೇ ಇದೆ, ಫ್ರಾನ್ಸಿನ ಬೋರ್ಡೋ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎನ್ನುವ ಸಣ್ಣ ಹೇನು ಯುರೋಪಿನ ದ್ರಾಕ್ಷಿ ಬೇರುಗಳನ್ನು ತಿಂದು ಹಾಕಿತು. ಅದಕ್ಕೆ ಮದ್ದು ಎಂದು ಅಮೆರಿಕದ ಬಳ್ಳಿಯ ಬೇರಿನ ಮೇಲೆ ಯುರೋಪಿನ ಕಡ್ಡಿ ಕಸಿ ಮಾಡಿದರು. ನಾವು ಸೊರಗು ರೋಗಕ್ಕೆ ಹೆದರಿ ಹಿಪ್ಪಲಿ ಬೇರಿನ ಮೇಲೆ ಕಾಳುಮೆಣಸು ಕಸಿ ಮಾಡುತ್ತೇವಲ್ಲ, ಅದೇ ಉಪಾಯ. ಆದರೆ ಅಮೆರಿಕದ ಬಳ್ಳಿಗಳ ಜೊತೆ ಇನ್ನೊಂದು ರೋಗವೂ ಬಂತು. ಡೌನಿ ಎನ್ನುತ್ತಾರೆ. ಎಲೆಯ ಮೇಲೆ ಎಣ್ಣೆ ಬಿದ್ದ ಹಾಗೆ ಹಳದಿ ಚುಕ್ಕೆ, ಅಡಿಯಲ್ಲಿ ಬಿಳಿ ಬೂಜು. ಬೋರ್ಡೋ ಕಡೆಯ ರೈತರು ದಾರಿ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರಂತೆ. ರೋಗಕ್ಕಲ್ಲ, ಹಣ್ಣು ಕದಿಯುವವರು ವಿಷ ಎಂದು ಹೆದರಲಿ ಅಂತ. ಮಿಲ್ಲಾರ್ಡೆ ಎನ್ನುವ ಸಸ್ಯಶಾಸ್ತ್ರಜ್ಞ ಆ ದಾರಿಯಲ್ಲಿ ಹೋಗುವಾಗ ಬಳಿದ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿದ್ದನ್ನು ಕಂಡ. 1885ರಲ್ಲಿ ಅಳತೆ ಸಮೇತ ಪ್ರಕಟಿಸಿದ. ಮುಂದೆ ಸುಮಾರು 25 ವರ್ಷಕ್ಕೆ ಮೈಸೂರು ಸೀಮೆಯಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನೇ ಅಡಿಕೆಯ ಕೊಳೆರೋಗಕ್ಕೆ ಹೊಡೆಸಿ ತೋರಿಸಿದರು. ಕಳ್ಳರನ್ನು ಓಡಿಸುವ ಬಣ್ಣ ಹೀಗೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ನಮ್ಮ ಕೊನೆಗೌಡರ ಹೆಗಲಿಗೆ ಬಂತು.

ಇಷ್ಟೆಲ್ಲ ಉದ್ದ ಹೇಳಲು ಕಾರಣವಿದೆ. ದ್ರಾಕ್ಷಿಯ ಡೌನಿ ಮತ್ತು ಅಡಿಕೆಯ ಕೊಳೆ, ಎರಡರ ರೋಗಾಣುಗಳೂ ದಾಯಾದಿಗಳು. ಎರಡೂ ಎಲೆ ಅಥವಾ ಕಾಯಿಯ ಮೇಲೆ ನೀರು ನಿಂತರೆ ಅದರಲ್ಲಿ ಈಜಿಕೊಂಡು ಹೋಗುವ ಜಾತಿ. ಕೊಳೆಗೆ ಯಾವ ಊರು ಹಿತವೋ ಡೌನಿಗೂ ಅದು ಮಾವನ ಮನೆ. ನಮ್ಮ ಶಿರಸಿಯಲ್ಲಿ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಕಾರವಾರದಲ್ಲಿ ಇನ್ನೂ ಜಾಸ್ತಿ. ಸೊಂಡ್ರಿಯೊದಲ್ಲಿ ಸಾವಿರದ ಒಳಗೆ, ಅದೂ ವರ್ಷವಿಡೀ ಹಂಚಿಕೊಂಡು ಬರುತ್ತದೆ. ನಮ್ಮ ಜುಲೈ ಒಂದೇ ತಿಂಗಳ ಮಳೆ ಅವರ ಇಡೀ ವರ್ಷದ ಮಳೆಗೆ ಹೆಚ್ಚುಕಡಿಮೆ ಸಮ! ಅಷ್ಟು ಕಡಿಮೆ ಮಳೆಯಲ್ಲೂ ಅವರಿಗೆ ಡೌನಿ ಕಾಟ ತಪ್ಪಿಲ್ಲ, ಔಷಧಿ ಕೋಣೆ ಇಟ್ಟುಕೊಂಡಿದ್ದಾರೆ. ಜೊತೆಗೆ ಅವರಿಗೆ ತಾಮ್ರದ ಲೆಕ್ಕವೂ ಇದೆ. ಯುರೋಪಿನ ಕಾನೂನಿನ ಪ್ರಕಾರ ಏಳು ವರ್ಷದಲ್ಲಿ ಹೆಕ್ಟೇರಿಗೆ 28 ಕಿಲೋಗಿಂತ ಹೆಚ್ಚು ತಾಮ್ರ ಮಣ್ಣಿಗೆ ಬೀಳುವಂತಿಲ್ಲ. ನಾವು ಅಜ್ಜನ ಕಾಲದಿಂದ ಹೊಡೆಯುತ್ತಿದ್ದೇವೆ, ಯಾರೂ ಬರೆದಿಟ್ಟಿಲ್ಲ.

ಎತ್ತರ ಒಂದೇ ಇದ್ದರೆ ಆಯಿತಾ? ಅವರ ತೋಟಗಳು ಸುಮಾರು 300ರಿಂದ 700 ಮೀಟರ್ ಎತ್ತರದಲ್ಲಿವೆ, ನಮ್ಮದೂ ಅದರ ನಡುವೆಯೇ ಬರುತ್ತದೆ, ಒಪ್ಪಿದೆ. ಆದರೆ ಅವರ ಬೆನ್ನಿಗೆ ಆಲ್ಪ್ಸ್ ಪರ್ವತ ನಿಂತು ಉತ್ತರದ ಚಳಿಗಾಳಿ ತಡೆಯುತ್ತದೆ. ಮಧ್ಯಾಹ್ನ ಸರೋವರದ ಕಡೆಯಿಂದ ಬ್ರೇವಾ ಎನ್ನುವ ಗಾಳಿ ಬೀಸಿ ಎಲೆ ಒಣಗಿಸುತ್ತದೆ. ನಾನು ನಿಂತಿದ್ದಾಗಲೂ ಊಟದ ಹೊತ್ತಿಗೆ ಸರಿಯಾಗಿ ಬೀಸಿತು, ತಲೆಗೆ ಕಟ್ಟಿದ ವಸ್ತ್ರ ಹಾರಿಹೋಯಿತು. ಬೇಸಿಗೆಯಲ್ಲಿ ಹದಿನೈದು ತಾಸಿಗೂ ಮೇಲೆ ಹಗಲು. ಕಲ್ಲು ಹಗಲು ಕಾದು ರಾತ್ರಿ ಬಿಸಿ ಬಿಡುತ್ತದೆ. ಒಂದು ಗುಡ್ಡಕ್ಕೆ ಇನ್ಫೆರ್ನೋ ಎಂದು ಹೆಸರು, ಅಂದರೆ ನರಕ, ಬಂಡೆಯ ಕಾವಿಗೆ ಇಟ್ಟ ಹೆಸರಂತೆ. ಹಿಮದ ನಾಡಿನಲ್ಲಿ ಪಾಪಾಸುಕಳ್ಳಿ ಬೆಳೆದಿದ್ದು ನೋಡಿ ನನಗೆ ಆಶ್ಚರ್ಯವಾಯಿತು. ಮತ್ತೆ ಚಳಿಗಾಲ. ಎಲೆ ಎಲ್ಲ ಉದುರಿ ಬಳ್ಳಿ ನಿದ್ದೆ ಹೋಗುತ್ತದೆ. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ.

ನಿದ್ದೆ ಇಲ್ಲದ ಕಡೆ ಹೇಗೆ ಬೆಳೆಯುವುದು ಎಂದು ವಿಜಯಪುರದವರನ್ನು ಕೇಳಬೇಕು. ಅವರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿ ಸವರುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ತಯಾರಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಹಾಗಾದರೆ ಶಿರಸಿಯಲ್ಲೂ ಅಕ್ಟೋಬರಿನಲ್ಲಿ ಸವರಿ ಫೆಬ್ರವರಿಯಲ್ಲಿ ಕೊಯ್ದರೆ ಮಳೆಯೇ ಅಡ್ಡ ಬರುವುದಿಲ್ಲವಲ್ಲ ಎಂದು ನಿಮ್ಮ ಬರಹಗಾರರು ಕೇಳಬಹುದು. ನಾನೂ ಹಾಗೇ ಯೋಚಿಸಿದ್ದೆ. ಧಾರವಾಡದ ಕೃಷಿ ಮೇಳದಲ್ಲಿ ಸಿಕ್ಕ ವಿಜಯಪುರದ ತಿಕೋಟಾ ಕಡೆಯ ರೈತರೊಬ್ಬರು ನನ್ನ ಕಣ್ಣು ತೆರೆಸಿದರು. "ಅಕ್ಕಾರ, ಏಪ್ರಿಲ್ ಚಾಟ್ನಿ ಆದ ಮ್ಯಾಲೆ ಎರಡು ತಿಂಗಳದಾಗ ಕಣ್ಣೊಳಗ ಗೊಂಚಲ ಕೂಡಬೇಕ್ರಿ. ಆಗ ಬಿಸಲ ಬೇಕ. ಮೋಡ ಮುಚ್ಚಿದ್ರ ಬರೇ ಬಳ್ಳಿ ಬರತೈತ್ರಿ" ಎಂದರು. ಮೇ, ಜೂನ್ ತಿಂಗಳಲ್ಲಿ ನಮ್ಮಲ್ಲಿ ಎಂಥ ಬಿಸಿಲು ಇರುತ್ತದೆ ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಅವರ ಮಾತು ನನಗೆ ತಟ್ಟಿದ್ದು ನಾನೇ ಪೆಟ್ಟು ತಿಂದಿದ್ದರಿಂದ. 2012ರಲ್ಲಿ ಒಂದು ನರ್ಸರಿಯವರು ವೈನ್ ಜಾತಿ, ಮಲೆನಾಡಿಗೆ ಹೇಳಿ ಮಾಡಿಸಿದ್ದು ಎಂದು ಆರು ಗಿಡ ಕೊಟ್ಟಿದ್ದರು. ಅಂಗಳದ ಬದಿಗೆ ನೆಟ್ಟು ಚಪ್ಪರ ಮಾಡಿದೆ. ಮೇ ತಿಂಗಳವರೆಗೆ ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಜುಲೈ ಹತ್ತರ ಹೊತ್ತಿಗೆ ಎಲೆ ತಿರುಗಿಸಿದರೆ ಬಿಳಿ ಬೂಜು. ಬೋರ್ಡೋ ಹೊಡೆದೆ, ಸಂಜೆ ಮಳೆ ತೊಳೆಯಿತು. ಮತ್ತೆ ಹೊಡೆದೆ, ಮತ್ತೆ ತೊಳೆಯಿತು. ಮಳೆ ತಾಗದಿರಲೆಂದು ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿದ ಹಾಗೆ ಬಳ್ಳಿಗೂ ಪ್ಲಾಸ್ಟಿಕ್ ಹೊದಿಸಿದೆ, ಒಳಗೇ ಬೆವೆತು ಇನ್ನೂ ಬೇಗ ಕೊಳೆಯಿತು. ಆಗಸ್ಟ್‌ಗೆ ಐದು ಗಿಡ ಕಡ್ಡಿಯಾದವು. ನರ್ಸರಿಗೆ ಫೋನ್ ಮಾಡಿದರೆ "ನಿಮ್ಮ ಆರೈಕೆ ಸಾಲಲಿಲ್ಲ" ಎಂದರು. ಆರನೆಯದು ಕೊಟ್ಟಿಗೆ ಮಾಡಿನ ಅಡಿಯಲ್ಲಿ, ಮಳೆ ತಾಗದ ಜಾಗದಲ್ಲಿ, ಇನ್ನೂ ಬದುಕಿದೆ. ಎರಡು ವರ್ಷಕ್ಕೊಮ್ಮೆ ನಾಲ್ಕು ಗೊಂಚಲು ಬಿಡುತ್ತದೆ. ಮಂಗಗಳಿಗೆ ಅದು ಗೊತ್ತು.

ಬರಹದಲ್ಲಿ ಎಕರೆಗೆ ಇಷ್ಟು ಲಕ್ಷ ಎಂಬ ಲೆಕ್ಕವೂ ಇತ್ತು. ಅದು ಎಲ್ಲಿಂದ ಬಂತೋ! ವಾಲ್ತೆಲ್ಲೀನಾದಲ್ಲಿ ಗುಡ್ಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತೋಟಕ್ಕೆ ಹೆಕ್ಟೇರಿಗೆ ವರ್ಷಕ್ಕೆ ಸಾವಿರ ಗಂಟೆಗಿಂತ ಜಾಸ್ತಿ ಕೈಕೆಲಸ ಬೇಕು. ಟ್ರ್ಯಾಕ್ಟರ್ ಓಡುವ ಬಯಲಿನ ತೋಟಕ್ಕೆ ಅದರಲ್ಲಿ ಒಂದು ಸಣ್ಣ ಪಾಲು ಸಾಕು. ಮೆಟ್ಟಿಲು ಹತ್ತಿ ಇಳಿದು ನನ್ನ ಮೊಣಕಾಲು ಎರಡು ದಿನ ಮಾತಾಡಿತು. ಹಣ್ಣಿನ ಪೆಟ್ಟಿಗೆ ಇಳಿಸಲು ಕೆಲವು ಕಡೆ ಒಂಟಿ ಹಳಿಯ ಗಾಡಿ, ತೀರಾ ಕಡಿದಾದ ಕಡೆ ಹೆಲಿಕಾಪ್ಟರ್. ಹೌದು, ಹೆಲಿಕಾಪ್ಟರ್. ನಾನು ಮೊದಲು ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾದೆ. ಇಷ್ಟೆಲ್ಲ ಮಾಡಿ ಬೆಳೆದರೂ ಸುಪೀರಿಯೊರೆ ವೈನಿಗೆ ಹೆಕ್ಟೇರಿಗೆ 8 ಟನ್ ಮೀರಿ ಹಣ್ಣು ತೆಗೆಯುವ ಹಾಗಿಲ್ಲ. ಎಕರೆಗೆ ಮೂರು ಟನ್ ಚಿಲ್ಲರೆ ಅಷ್ಟೇ. ಜಾಸ್ತಿ ಗೊಂಚಲು ಕೂತರೆ ಆಗಸ್ಟ್‌ನಲ್ಲಿ ಹಸಿರಿದ್ದಾಗಲೇ ಕತ್ತರಿಸಿ ನೆಲಕ್ಕೆ ಹಾಕುತ್ತಾರೆ, ಉಳಿದದ್ದಕ್ಕೆ ರಸ ಗಟ್ಟಿಯಾಗಲಿ ಎಂದು. ಅಜ್ಜಿ ಕತ್ತರಿಸಿ ಹಾಕುವ ಸನ್ನೆ ಮಾಡಿದಾಗ ನನ್ನ ಹೊಟ್ಟೆಯೇ ಚುರ್ ಎಂದಿತು. ಅಲ್ಲಿಯೂ ಮಕ್ಕಳು ನಿಲ್ಲುತ್ತಿಲ್ಲ, ಅವಳ ಮಗನೇ ಮಿಲಾನ್‌ನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಇಡೀ ಕಣಿವೆಯಲ್ಲಿ ಈಗ ಉಳಿದಿರುವುದು ಸಾವಿರ ಹೆಕ್ಟೇರಿಗೂ ಕಡಿಮೆ ತೋಟ, ಹಿಂದೆ ಇದರ ಹಲವು ಪಟ್ಟು ಇತ್ತು.

ಅಟ್ಟದ ಮಾತು ಹೇಳದೆ ಬಿಟ್ಟರೆ ಅಡಿಕೆಯವಳಾಗಿ ನನಗೆ ಸಮಾಧಾನವಿಲ್ಲ. ಅಲ್ಲಿ ಸ್ಫೋರ್ಜಾತೋ ಎಂಬ ಇನ್ನೊಂದು ವೈನ್ ಇದೆ. ಅದಕ್ಕೆ ಒಳ್ಳೆಯ ಗೊಂಚಲು ಆರಿಸಿ, ಗಾಳಿ ಆಡುವ ಅಟ್ಟದಲ್ಲಿ ತಟ್ಟಿಯ ಮೇಲೋ ಪೆಟ್ಟಿಗೆಯಲ್ಲೋ ಒಂದೇ ಪದರ ಹರಡಿ ಡಿಸೆಂಬರ್ ತನಕ ಒಣಗಿಸುತ್ತಾರೆ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೂಕ ಕಳೆದ ಮೇಲೆ ಹಿಂಡುವುದು. ಆ ಅಟ್ಟ ಹತ್ತಿ ನಿಂತಾಗ ನಮ್ಮನೆ ಅಡಿಕೆ ಅಟ್ಟವೇ ನೆನಪಾಯಿತು. ಅಜ್ಜಿ ಕೊಳೆತ ಹಣ್ಣನ್ನು ಹುಡುಕಿ ಹುಡುಕಿ ಎತ್ತಿ ಹಾಕುತ್ತಿದ್ದಳು, ನಾನೂ ಕೂತು ಆರಿಸಿದೆ. ಒಣಗಿದ ಚಾಲಿ ಅಡಿಕೆ ಆರಿಸಿದ ಕೈಗೆ ಅದೇನು ಕಷ್ಟ?

ಆದರೆ ನಾನು ಅಲ್ಲಿ ಕಣ್ಣು ಬಿಟ್ಟು ನೋಡಿದ್ದು ದ್ರಾಕ್ಷಿಯನ್ನಲ್ಲ, ಕಲ್ಲಿನ ಗೋಡೆಯನ್ನು. ಆ ಗುಡ್ಡದಲ್ಲಿ ಮಣ್ಣೇ ಇರಲಿಲ್ಲ. ಜನ ಬಂಡೆ ಒಡೆದು, ಸಿಮೆಂಟು ಗಾರೆ ಯಾವುದೂ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಗೋಡೆ ಕಟ್ಟಿ, ಕೆಳಗಿನಿಂದ ಬೆನ್ನಿನ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ತುಂಬಿದ್ದಾರೆ. ಒಟ್ಟು ಸೇರಿಸಿದರೆ ಗೋಡೆಗಳ ಉದ್ದ ಸುಮಾರು 2,500 ಕಿಲೋಮೀಟರ್ ಎನ್ನುತ್ತಾರೆ. ಗಾರೆ ಹಾಕದ ಕಾರಣ ಮಳೆ ನೀರು ಕಲ್ಲಿನ ಸಂದಿಯಲ್ಲಿ ಇಳಿದು ಹೋಗುತ್ತದೆ, ಹಿಂದೆ ನಿಂತು ತಳ್ಳುವುದಿಲ್ಲ. ಇಟಲಿ ಸೇರಿ ಎಂಟು ದೇಶಗಳ ಈ ಒಣಕಲ್ಲಿನ ಕಟ್ಟೋಣದ ವಿದ್ಯೆಯನ್ನು 2018ರಲ್ಲಿ ಯುನೆಸ್ಕೋ ತನ್ನ ಪಟ್ಟಿಗೆ ಸೇರಿಸಿದೆ. ಅಜ್ಜಿಯ ಗಂಡ ಒಂದು ಕಡೆ ನಿಂತು ಗೋಡೆ ತೋರಿಸಿ ತನ್ನ ಹೊಟ್ಟೆ ತಟ್ಟಿಕೊಂಡ. ಅಳಿಯ ಅರ್ಥ ಹೇಳುವ ಮೊದಲೇ ನನಗೆ ತಿಳಿಯಿತು. ಗೋಡೆ ಹೊಟ್ಟೆ ಬಿಟ್ಟಿದೆ! ನಾವೂ ಹಾಗೇ ಹೇಳುತ್ತೇವಲ್ಲ. ಚಳಿಗಾಲದಲ್ಲಿ ಬಳ್ಳಿ ಮಲಗಿದಾಗ ಅವನ ಕೆಲಸ ಅದೇ, ಹೊಟ್ಟೆ ಬಿಟ್ಟ ಗೋಡೆ ಬಿಚ್ಚಿ ಮತ್ತೆ ಕಟ್ಟುವುದು.

ನೋಡಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಆ ಕಣಿವೆ ನೋಡಿದೆ. 1983ರ ಮೇ ತಿಂಗಳ ಮಳೆಗೆ ತ್ರೆಸೆಂಡಾ ಎನ್ನುವ ಊರಿನ ಮೇಲಿನ ದ್ರಾಕ್ಷಿ ಮೆಟ್ಟಿಲುಗಳೇ ಜಾರಿ ಬಂದು ಜನ ಸತ್ತರು. 1987ರ ಜುಲೈನಲ್ಲಿ ಅದೇ ಕಣಿವೆಯ ಮೇಲ್ಭಾಗದಲ್ಲಿ ಇಡೀ ಗುಡ್ಡವೇ ಕುಸಿಯಿತು. ಇದನ್ನು ಕೇಳುವಾಗ ನನಗೆ ನೆನಪಾದದ್ದು 2021ರಲ್ಲಿ ಗುಡ್ಡ ಕುಸಿದ ಯಲ್ಲಾಪುರದ ಕಳಚೆ, ಎಷ್ಟು ತೋಟ, ಎಷ್ಟು ಮನೆ. ಕಳೆದುಹೋದವರನ್ನು ಗಂಗಾವಳಿಯಲ್ಲಿ ತಿಂಗಳುಗಟ್ಟಲೆ ಹುಡುಕಿದ 2024ರ ಜುಲೈ ತಿಂಗಳ ಶಿರೂರಂತೂ ಯಾರಿಗೂ ಮರೆತಿಲ್ಲ.

ನಮ್ಮದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. 2018ರಲ್ಲಿ ತೋಟದ ಹಿಂದಿನ ಧರೆಯನ್ನು, ಅಂದರೆ ಗುಡ್ಡದ ಇಳಿಜಾರಿನ ಅಂಚನ್ನು, ಜೇಸಿಬಿ ತರಿಸಿ ಕಡಿಸಿದೆವು, ಇನ್ನೂರು ಅಡಿಕೆ ಸಸಿ ಜಾಸ್ತಿ ಕೂರುತ್ತದೆ ಎಂದು. ನಮ್ಮನೆಯವರಿಗಿಂತ ಆಸೆ ನನಗೇ ಜಾಸ್ತಿ ಇತ್ತು. ನೆಟ್ಟಗೆ ಕಡಿದ ಧರೆ, ಬುಡಕ್ಕೆ ಗೋಡೆ ಇಲ್ಲ, ಮೇಲೆ ನೀರು ತಿರುಗಿಸಲು ಅಗಳ ಇಲ್ಲ. ಮಾರನೇ ವರ್ಷ ಆಗಸ್ಟ್ ಮಳೆಗೆ ಒಂದು ರಾತ್ರಿ ಕೆಳಗೆ ಬಂತು. ಫಲ ಕೊಡುವ 34 ಮರ, ಬಸಿಗಾಲುವೆ, ಪಂಪ್‌ಸೆಟ್ ಎಲ್ಲ ಮಣ್ಣಿನಡಿ. ಮಾವ ಅವರ ಕಾಲದಲ್ಲಿ ಕಟ್ಟಿಸಿದ ಕಲ್ಲಿನ ಕಟ್ಟಣೆ ಇರುವ ಬದಿ ಮಾತ್ರ ಒಂದು ಹೆಂಟೆಯೂ ಅಲುಗಲಿಲ್ಲ. ಅದನ್ನು ನಾನು ದಿನಾ ನೋಡುತ್ತಿದ್ದೆ. ಆದರೂ ಅದರ ಬೆಲೆ ತಿಳಿಯಲು ಇಟಲಿಗೆ ಹೋಗಬೇಕಾಯಿತು!

ಈ ಬೇಸಿಗೆಯಲ್ಲಿ ಆ ಜಾಗಕ್ಕೆ ಒಣಕಲ್ಲಿನ ಗೋಡೆ ಕಟ್ಟಿಸುತ್ತಿದ್ದೇನೆ. ಕೆಲಸ ಬಲ್ಲವರು ಸಿಗುವುದೇ ಕಷ್ಟ. ಸಿದ್ದಾಪುರ ಕಡೆಯ ಒಬ್ಬ ಹಿರಿಯರು ಬಂದಿದ್ದಾರೆ, 68 ವರ್ಷ, ದಿನಕ್ಕೆ 900 ರೂಪಾಯಿ, ಜೊತೆಗೊಬ್ಬ ಆಳು. ಗೋಡೆಯನ್ನು ನೆಟ್ಟಗೆ ಏಳಿಸದೆ ಗುಡ್ಡದ ಕಡೆಗೆ ತುಸು ವಾಲಿಸಿ ಕಟ್ಟುತ್ತಾರೆ. ಹಿಂದೆ ಸಣ್ಣ ಕಲ್ಲು ತುಂಬುತ್ತಾರೆ. ವಾಲ್ತೆಲ್ಲೀನಾದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇದ್ರಲ್ಲಿ ಎಂತ ಹೊಸದು ಇದೆ ಅಮ್ಮಾ?" ಎಂದರು.

ಹೆಸರಿನ ವಿಷಯದಲ್ಲಿ ಮಾತ್ರ ಅವರನ್ನು ನೋಡಿ ಹೊಟ್ಟೆಕಿಚ್ಚಾಯಿತು. ಸಾಸೆಲ್ಲಾ, ಗ್ರುಮೆಲ್ಲೋ, ಇನ್ಫೆರ್ನೋ, ವಾಲ್ಜೆಲ್ಲಾ, ಮರೋಜ್ಜಾ, ಐದು ಗುಡ್ಡಕ್ಕೆ ಐದು ಹೆಸರು, ಬಾಟಲಿ ಮೇಲೆ ಆ ಗುಡ್ಡದ ಹೆಸರು ಬರೆದು ಮಾರುತ್ತಾರೆ. ನಮ್ಮ ಶಿರಸಿ ಸುಪಾರಿಗೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಸಿಕ್ಕಿತು. ಆದರೆ ನಮ್ಮ ಅಡಿಕೆ ಚೀಲ ಒಮ್ಮೆ ವ್ಯಾಪಾರಿಯ ಗೋದಾಮು ಸೇರಿದರೆ ಶಿರಸಿಯದೋ ಎಲ್ಲಿಯದೋ ಯಾರಿಗೆ ಗೊತ್ತು? ಹೊಸ ಬೆಳೆ ತರುವ ಉತ್ಸಾಹದಲ್ಲಿ ಅರ್ಧ ಇದಕ್ಕೆ ಹಾಕಬಹುದಿತ್ತು.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಹೊಸ ಬೆಳೆಯ ಬಗ್ಗೆ ಬರೆಸುವಾಗ ಆ ಬೆಳೆ ಈಗ ಇರುವ ಊರಿನ ಮಳೆ ಎಷ್ಟು, ನಮ್ಮ ಮಳೆ ಎಷ್ಟು ಎಂದು ಪಕ್ಕಪಕ್ಕ ಹಾಕಿ. ಹಣ್ಣನ್ನು ಕೊಳ್ಳುವವರು ನೂರು ಕಿಲೋಮೀಟರ್ ಒಳಗೆ ಇದ್ದಾರಾ ಎಂದೂ ಹೇಳಿ. ಎಕರೆಗೆ ಎಷ್ಟು ಲಕ್ಷ ಎನ್ನುವುದನ್ನು ಬೇಕಾದರೆ ಕೊನೆಗೆ ಹಾಕಿ. ದ್ರಾಕ್ಷಿಯನ್ನು ಪರೀಕ್ಷೆಗೆಂದು ಯಾರಾದರೂ ನೆಡುವುದಾದರೆ ನೆಡಲಿ, ನಾನು ಬೇಡ ಎನ್ನುವುದಿಲ್ಲ. ಆರು ಗಿಡ ನೆಡಲಿ, ಇನ್ನೂರು ಬೇಡ. ಕೊಟ್ಟಿಗೆ ಮಾಡಿನ ಅಡಿಯಲ್ಲಿ ಜಾಗ ಇದ್ದರೆ ಇನ್ನೂ ಒಳ್ಳೆಯದು. ಅದಕ್ಕಾಗಿ ಬೇಣದ ಧರೆ ಕಡಿಸಬೇಡಿ ಎನ್ನುವುದನ್ನು ಮಾತ್ರ ಕೈಮುಗಿದು ಹೇಳುತ್ತೇನೆ.

ನಮ್ಮ ಗೋಡೆ ಇನ್ನೂ ಹದಿನೈದು ಅಡಿ ಬಾಕಿ ಇದೆ. ಮೃಗಶಿರ ಮಳೆ ಹಿಡಿಯುವ ಮೊದಲು ಮುಗಿಯಬೇಕು, ಹಿರಿಯರು ಮುಗಿಯುತ್ತದೆ ಎನ್ನುತ್ತಿದ್ದಾರೆ. ದಸರಾ ಹೊತ್ತಿಗೆ ನಿಂತಿದ್ದರೆ ನಿಮಗೆ ಫೋಟೋ ಕಳಿಸುತ್ತೇನೆ. ಬಿದ್ದರೂ ಕಳಿಸುತ್ತೇನೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ್ತಿ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ